ದೊಡ್ಡ ಕಟ್ಟಡದಲ್ಲೊಂದು ಮಳಿಗೆ



ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಸಂಜೆ ನಂಜನಗೂಡು ಕಡೆಯ ಕುಟುಂಬವೊಂದು ನಮ್ಮ ಮನೆಗೆ ಬಂದಿತ್ತು. ತಂದೆ, ತಾಯಿ, ಇಪ್ಪತ್ತೆಂಟು ವರ್ಷದ ಮಗ. ತಾತನ ಕಾಲದಿಂದ ಜವಳಿ ವ್ಯಾಪಾರ ಮಾಡಿಕೊಂಡು ಬಂದ ಮನೆತನ; ಊರಿನ ತೇರಿನ ಬೀದಿಯಲ್ಲಿ ಸ್ವಂತ ಅಂಗಡಿಯುಂಟು. ಮಗನಿಗೆ ಬೆಂಗಳೂರಿನಲ್ಲಿ ಕೈಮಗ್ಗದ ಸೀರೆಗಳ ಮಳಿಗೆ ತೆರೆಯುವ ಆಸೆ. ಅದೂ ಎಲ್ಲೋ ಒಂದು ಓಣಿಯಲ್ಲಲ್ಲ, ಆಟೋದವರಿಗೆ ಹೆಸರು ಹೇಳಿದರೆ ಸಾಕು, ದಾರಿ ಕೇಳದೆ ಕರೆದೊಯ್ಯುವಂಥ ಹೆಸರಾಂತ ವಾಣಿಜ್ಯ ಕಟ್ಟಡದ ನೆಲಮಾಳಿಗೆಯ ಮೇಲಿನ ಮೊದಲ ಅಂತಸ್ತಿನಲ್ಲಿ.

"ಅಯ್ಯನವರೇ, ಕರಾರಿಗೆ ಸಹಿ ಹಾಕುವುದಕ್ಕೆ ಒಂದು ಒಳ್ಳೆಯ ದಿನ ನೋಡಿಕೊಡಬೇಕು" ಎಂದರು ತಾಯಿ.

"ದಿನ ಆಮೇಲೆ ನೋಡೋಣ ತಾಯಿ, ಪತ್ರ ತಂದಿದ್ದೀರಾ?" ಎಂದೆವು ನಾವು.

ಮಗ ಚೀಲದಿಂದ ನಲವತ್ತೆರಡು ಪುಟಗಳ ಇಂಗ್ಲಿಷ್ ಕರಡನ್ನು ತೆಗೆದು ಮುಂದಿಟ್ಟನು. ಅದನ್ನು ಆದ್ಯಂತವಾಗಿ ಯಾರು ಓದಿದ್ದೀರೆಂದು ಕೇಳಿದರೆ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮುಂಗಡಕ್ಕೂ ಮಳಿಗೆಯ ಒಳಗಿನ ಮರಗೆಲಸ, ದೀಪ, ಕನ್ನಡಿಗಳಿಗೂ ಹಣ ಹೊಂದಿಸುವ ಸಲುವಾಗಿ ಕಪಿಲೆಯ ನಾಲೆ ನೀರಿನ ಎರಡು ಎಕರೆ ಗದ್ದೆಯನ್ನು ಮಾರುವುದೆಂದು ಮಾತ್ರ ನಿಶ್ಚಯವಾಗಿತ್ತು.

ಸಂಸ್ಕೃತ, ಹಳಗನ್ನಡ ಓದಿದ ನಮಗೂ ಬಾಡಿಗೆ ಕರಾರಿಗೂ ಏನು ಸಂಬಂಧವೆಂದು ವಾಚಕರಿಗೆ ಅನ್ನಿಸಬಹುದು. ಸಂಬಂಧವಿದೆ. ಮಠದಲ್ಲಿ ವಿದ್ಯಾಭ್ಯಾಸ ಮುಗಿಸಿದ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಕಾಲ ನಾವು ಅಲ್ಲಿಯೇ ಬಾಡಿಗೆ ಮಳಿಗೆಗಳ ಕಡತವನ್ನು ನೋಡಿಕೊಳ್ಳುತ್ತಿದ್ದೆವು. ಅಂದರೆ ಮಾಲೀಕರ ಕಡೆಯ ಮೇಜಿನಲ್ಲಿ ಕುಳಿತವರು. ಆ ಮೇಜಿನಿಂದ ಬಾಡಿಗೆದಾರನು ಹೇಗೆ ಕಾಣುತ್ತಾನೆಂಬುದನ್ನು ಬಲ್ಲೆವು. ನಮ್ಮಿಂದಲೇ ಆದ ತಪ್ಪೊಂದನ್ನು ಮುಂದೆ ಹೇಳುತ್ತೇವೆ.

ಮೊದಲು ಆ ಹುಡುಗನ ಆಸೆಯ ವಿಷಯ. ಅದನ್ನು ನಾವು ಹಗುರವಾಗಿ ಕಾಣಲಾರೆವು. ದೊಡ್ಡ ಕಟ್ಟಡದ ಹೆಸರಿಗೆ ಬೆಲೆಯಿದೆ. ವಿದ್ಯಾರ್ಥಿದೆಸೆಯಲ್ಲಿ ನಾವು ಮೈಸೂರಿನ ಪ್ರಸಾದ ನಿಲಯದಲ್ಲಿದ್ದಾಗ, ಪುಸ್ತಕ ಬೇಕೆಂದರೆ ಕಾಲುಗಳು ತಾವಾಗಿಯೇ ಲ್ಯಾನ್ಸ್‌ಡೌನ್ ಕಟ್ಟಡದ ಕಡೆಗೆ ತಿರುಗುತ್ತಿದ್ದವು. ವೈಸರಾಯ್ ಲ್ಯಾನ್ಸ್‌ಡೌನನ ಹೆಸರಿನಲ್ಲಿ 1892ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಎದ್ದ ಉದ್ದನೆಯ ಕಟ್ಟಡವದು. ಕೆಳಗೆ ಸಾಲು ಮಳಿಗೆಗಳು, ಅವುಗಳಲ್ಲಿ ಹಳೆಯ ಪುಸ್ತಕದ ಅಂಗಡಿಗಳು. ವರ್ಷದ ಕೊನೆಯಲ್ಲಿ ನಮ್ಮ ಪಠ್ಯಪುಸ್ತಕಗಳನ್ನು ಅಲ್ಲಿಗೆ ಕೊಟ್ಟು, ಮುಂದಿನ ವರ್ಷದವನ್ನು ಅಲ್ಲಿಂದಲೇ ಅರ್ಧ ಬೆಲೆಗೆ ತರುತ್ತಿದ್ದೆವು. ಅಂಗಡಿಗೆ ಹೆಸರಿತ್ತೋ ಇಲ್ಲವೋ ನಮಗೆ ನೆನಪಿಲ್ಲ. "ಲ್ಯಾನ್ಸ್‌ಡೌನಿನಲ್ಲಿ ಸಿಕ್ಕಿತು" ಎಂದರೆ ಸಾಕಾಗಿತ್ತು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಯಾವುದು? ಪತ್ರಿಕೆಯಲ್ಲಿ ಹಣ ತೆತ್ತು ಹಾಕಿಸಬೇಕಾದುದನ್ನು ಕಟ್ಟಡವೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಪುಕ್ಕಟೆ ಎಂದೆವು, ಹಾಗಲ್ಲ, ಬಾಡಿಗೆಯಲ್ಲಿ ಅದರ ಬೆಲೆ ಸೇರಿಯೇ ಇರುತ್ತದೆ.

ಆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ ತಿಂಗಳಿನಲ್ಲಿ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು. ದಶಕಗಳಿಂದ ಅಲ್ಲಿಯೇ ಜೀವನ ಮಾಡಿದ್ದ ಅಂಗಡಿಯವರು ಹೊರಬರಬೇಕಾಯಿತು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್‌ನಲ್ಲಿ, ಅದೇ ಊರಿನ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಭಾಗವೂ ಉರುಳಿತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಿವಾದ ತಜ್ಞರ ಸಮಿತಿಗಳಿಂದ ಉಚ್ಚ ನ್ಯಾಯಾಲಯದವರೆಗೆ ನಡೆಯಿತು. ಪರಂಪರೆಯ ಅಭಿಮಾನಿಗಳು ಗೋಡೆಯ ಬಗೆಗೆ ಮಾತನಾಡಿದರು, ಎಂಜಿನಿಯರುಗಳು ತೊಲೆಯ ಬಗೆಗೆ ಮಾತನಾಡಿದರು. ಬಾಡಿಗೆದಾರನು ಕೇಳುತ್ತಿದ್ದುದು ಮಾತ್ರ ಒಂದೇ ಪ್ರಶ್ನೆ: ಕಟ್ಟಡ ಹೋದರೆ ನನ್ನ ಹಕ್ಕೂ ಹೋಯಿತೆ?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವುಂಟು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮು ಮಾಲೀಕ ಮತ್ತು ಗುತ್ತಿಗೆದಾರರ ಹಕ್ಕುಬಾಧ್ಯತೆಗಳನ್ನು ಹೇಳುತ್ತದೆ. ಬೆಂಕಿ, ಬಿರುಗಾಳಿ, ನೆರೆ ಮುಂತಾದ ತಡೆಯಲಾಗದ ಶಕ್ತಿಯಿಂದ ಸ್ವತ್ತಿನ ಮುಖ್ಯಭಾಗ ನಾಶವಾದರೆ, ಗುತ್ತಿಗೆಯನ್ನು ರದ್ದೆಂದು ಬಗೆಯುವ ಆಯ್ಕೆ ಗುತ್ತಿಗೆದಾರನದು, ಮಾಲೀಕನದಲ್ಲ. ಇದು ಗಮನಿಸಬೇಕಾದ ಮಾತು. ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ನಗರಪಾಲಿಕೆ ಶಿಥಿಲವೆಂದು ಕೆಡವಿದ ಕಟ್ಟಡವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2014ರಲ್ಲಿ, ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆಯ ಹಕ್ಕು ನಾಶವಾಗದು, ಅದು ನಿಂತ ನೆಲದ ಮೇಲೆಯೂ ಆ ಹಕ್ಕು ಉಳಿದಿರುತ್ತದೆ ಎಂದು ತೀರ್ಪಿತ್ತಿತು. ಅದಕ್ಕೆ ಮೊದಲು 2001ರ ತೀರ್ಪೊಂದು ಇದಕ್ಕೆ ವ್ಯತಿರಿಕ್ತವಾಗಿತ್ತು, ಅದನ್ನು ತಳ್ಳಿಹಾಕಲಾಯಿತು.

ಇಷ್ಟು ಕೇಳಿ ತಂದೆಯವರ ಮುಖ ಅರಳಿತು. ನಾವು ಕರಡಿನ 31ನೆಯ ಪುಟವನ್ನು ತೆರೆದೆವು. ಅಲ್ಲಿ, ಕಟ್ಟಡವನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಕೆಡವಲು, ನವೀಕರಿಸಲು, ಮುಂಭಾಗದ ರೂಪವನ್ನೂ ಕಟ್ಟಡದ ಹೆಸರನ್ನೂ ಬದಲಿಸಲು ಮಾಲೀಕರಿಗೆ ಸ್ವಾತಂತ್ರ್ಯವಿದೆಯೆಂದೂ, ತೊಂಬತ್ತು ದಿನಗಳ ನೋಟೀಸು ಕೊಟ್ಟರೆ ಬಾಡಿಗೆದಾರರು ಯಾವ ಪರಿಹಾರವನ್ನೂ ಮರುಪ್ರವೇಶದ ಹಕ್ಕನ್ನೂ ಕೇಳದೆ ತೆರವು ಮಾಡತಕ್ಕದ್ದೆಂದೂ ಬರೆದಿತ್ತು. 108ನೆಯ ಕಲಮಿನ ಮೊದಲ ವಾಕ್ಯವೇ, ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿರುವಾಗ ಮಾತ್ರ ಇವು ಅನ್ವಯಿಸುತ್ತವೆಂಬರ್ಥದಿಂದ ಆರಂಭವಾಗುತ್ತದೆ. ಆದುದರಿಂದ ಕಾನೂನು ಕೊಟ್ಟ ಹಕ್ಕನ್ನು ಈ ಹುಡುಗ ತನ್ನ ಕೈಯಾರೆ ಬರೆದುಕೊಡಲು ಹೊರಟಿದ್ದಾನೆ. ಯಾವ ಹೆಸರಿಗಾಗಿ ಅಷ್ಟು ಬಾಡಿಗೆ ತೆರುವನೋ ಆ ಹೆಸರನ್ನೇ ತೆಗೆದುಹಾಕುವ ಅಧಿಕಾರವನ್ನೂ ಜೊತೆಗೆ ಕೊಡುತ್ತಿದ್ದಾನೆ.

"ಗುರುಗಳೇ, ಬಾಡಿಗೆ ನಿಯಂತ್ರಣ ಕಾಯಿದೆ ನಮ್ಮನ್ನು ಕಾಯುವುದಿಲ್ಲವೆ?" ಎಂದು ಮಗ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ರಾಜ್ಯದಲ್ಲಿ 1961ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬಂದಿದೆ. ಅದು ಜಾರಿಯಾದುದು 2001ರ ಡಿಸೆಂಬರ್ 31ರಂದು. ವಾಣಿಜ್ಯ ಮಳಿಗೆಗಳ ಮಟ್ಟಿಗೆ ಅದರ ರಕ್ಷಣೆ 14 ಚದರ ಮೀಟರು ಮೀರದ ಸಣ್ಣ ಅಂಗಡಿಗೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ. ಒಂದು ಪೆಟ್ಟಿಗೆ ಅಂಗಡಿಗಿಂತ ಸ್ವಲ್ಪ ದೊಡ್ಡದು. ಅದಕ್ಕಿಂತ ವಿಸ್ತಾರವಾದ ಮಳಿಗೆಯನ್ನು ಹಿಡಿದವನಿಗೆ ಕರಾರಿನಲ್ಲಿ ಬರೆದುದೇ ವೇದವಾಕ್ಯ. ತಂದೆಯ ಕಾಲದ ಬಾಡಿಗೆದಾರರು ಹೊಂದಿದ್ದ ಧೈರ್ಯವನ್ನು ಮಗನ ಕಾಲದವರು ಹೊಂದುವಂತಿಲ್ಲ.

ಇನ್ನು ನಮ್ಮ ತಪ್ಪಿನ ಮಾತು. ಆ ಕಟ್ಟಡದ ದಲ್ಲಾಳಿ ಈ ಕುಟುಂಬಕ್ಕೆ, ಒಂಬತ್ತು ವರ್ಷದ ಕರಾರಾದರೂ ನೋಂದಣಿಯ ಗೊಡವೆ ಬೇಡ, ನೋಟರಿ ಮಾಡಿಸಿದರೆ ಸಾಕು, ಮುದ್ರಾಂಕ ಶುಲ್ಕ ಉಳಿಯುತ್ತದೆ ಎಂದು ಹೇಳಿದ್ದನಂತೆ. ಇದೇ ಮಾತನ್ನು ನಾವೂ ಒಂದು ಕಾಲದಲ್ಲಿ ಹೇಳಿದವರು! ಕಡತ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಒಬ್ಬ ಪಾತ್ರೆ ವ್ಯಾಪಾರಿಗೆ ಐದು ವರ್ಷದ ಕರಾರನ್ನು ಛಾಪಾ ಕಾಗದದ ಮೇಲೆ ಬರೆದುಕೊಟ್ಟು, ಖರ್ಚು ಉಳಿಸಿದೆವೆಂದು ಇಬ್ಬರೂ ಸಂತೋಷಪಟ್ಟೆವು. ಎರಡನೆಯ ವರ್ಷದಲ್ಲಿ ಆ ಜಾಗ ಬೇರೆ ಕೆಲಸಕ್ಕೆ ಬೇಕಾಯಿತು. ಮೇಲಿನವರು ವಕೀಲರನ್ನು ಕೇಳಿದರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿತ ಪತ್ರದಿಂದಲ್ಲದೆ ಮಾಡಲಾಗದೆಂದು 107ನೆಯ ಕಲಮು ಹೇಳುತ್ತದೆ. ನೋಂದಣಿಯಿಲ್ಲದ ಮೇಲೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು 106ನೆಯ ಕಲಮಿನ ಪ್ರಕಾರ ಹದಿನೈದು ದಿನಗಳ ನೋಟೀಸಿನಿಂದ ಮುಗಿಸಬಹುದು ಎಂದು ವಕೀಲರು ಬರೆದುಕೊಟ್ಟರು. ಹಾಗೆಯೇ ಮುಗಿಸಲಾಯಿತು. ಆ ವ್ಯಾಪಾರಿ ತನ್ನ ಕಾಗದವನ್ನು ಹಿಡಿದು ನಮ್ಮ ಬಳಿಗೆ ಬಂದು, "ಐದು ವರ್ಷ ಅಂತ ನೀವೇ ಬರೆದದ್ದಲ್ಲವೆ ಸ್ವಾಮಿ?" ಎಂದು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಅಕ್ಷರ ನಮ್ಮದೇ ಆಗಿತ್ತು. ಆತ ಬೈಯಲಿಲ್ಲ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತೆಂದು ಈಗಲೂ ಅನ್ನಿಸುತ್ತದೆ.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಟ್ಟುವ ಹಣ ಖರ್ಚಲ್ಲ, ಅವಧಿಯ ಬೆಲೆ. ಇನ್ನೊಂದು ಸೂಕ್ಷ್ಮವೂ ಇದೆ. ಕೆಲವು ಮಾಲೀಕರು ಪತ್ರಕ್ಕೆ ಗುತ್ತಿಗೆ ಎನ್ನದೆ ಲೈಸೆನ್ಸ್ ಎಂದು ಶೀರ್ಷಿಕೆ ಕೊಡುತ್ತಾರೆ. ಗುತ್ತಿಗೆಯೆಂದರೆ ಸ್ವತ್ತಿನಲ್ಲಿ ಒಂದು ಹಕ್ಕು. ಲೈಸೆನ್ಸ್ ಎಂದರೆ ಬರೀ ಒಪ್ಪಿಗೆ. ಶೀರ್ಷಿಕೆ ಏನಿದ್ದರೂ ಪತ್ರದ ಸಾರವನ್ನು, ಸ್ವಾಧೀನ ಯಾರದೆಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1959ರಷ್ಟು ಹಿಂದೆಯೇ ಹೇಳಿದೆ. ಆದರೆ ನ್ಯಾಯಾಲಯದವರೆಗೆ ಹೋಗಿ ಸಾರವನ್ನು ತೆಗೆಸುವುದಕ್ಕಿಂತ ಮೊದಲೇ ಶೀರ್ಷಿಕೆ ಸರಿಮಾಡಿಸುವುದು ಲೇಸು.

ಹಣದ ಲೆಕ್ಕಕ್ಕೆ ಬರೋಣ. ಗೃಹಿಣಿಯರು ಇದನ್ನು ಹಾರಿಸಿ ಓದಬಾರದು. ಆ ದಿನ ನಮ್ಮ ಮುಂದೆ ಲೆಕ್ಕವನ್ನು ಮೊದಲು ಹಿಡಿದವರು ಆ ತಾಯಿಯೇ. ಪತ್ರದಲ್ಲಿ 900 ಚದರ ಅಡಿ, ಅಡಿಗೆ 150 ರೂಪಾಯಿಯಂತೆ ತಿಂಗಳಿಗೆ 1,35,000 ರೂಪಾಯಿ ಎಂದಿತ್ತು. ಆ 900 ಅಡಿಯೆಂದರೆ ಗೋಡೆ, ಪಡಸಾಲೆ, ಮೆಟ್ಟಿಲು, ಲಿಫ್ಟಿನ ಗುಂಡಿಗಳ ಪಾಲನ್ನೆಲ್ಲ ಸೇರಿಸಿದ ಅಳತೆ. ಒಳಗೆ ಟೇಪು ಹಿಡಿದು ಅಳೆದರೆ ಸಿಗುವ ನೆಲ 540 ಅಡಿ. "ಹಾಗಾದರೆ ಅಡಿಗೆ ನೂರೈವತ್ತಲ್ಲ, ಇನ್ನೂರೈವತ್ತಾಯಿತಲ್ಲ" ಎಂದರು ಆ ತಾಯಿ, ಬೆರಳು ಮಡಿಸುತ್ತಲೇ. ಹೌದು. ಇದರ ಮೇಲೆ ಸಾಮಾನ್ಯ ನಿರ್ವಹಣೆಯ ವೆಚ್ಚವೆಂದು ಅಡಿಗೆ 20 ರೂಪಾಯಿ, ಅದೂ 900 ಅಡಿಗೆ, 18,000. ಎರಡರ ಮೇಲೂ ಶೇಕಡಾ 18ರ ಜಿ.ಎಸ್.ಟಿ. 27,540. ಒಟ್ಟು 1,80,540 ರೂಪಾಯಿ. ಮಳಿಗೆಯ ಒಳಗೆ ಉರಿಸುವ ವಿದ್ಯುತ್ತು ಬೇರೆ.

ತೆರಿಗೆ ವಾಪಸು ಸಿಗುತ್ತದಲ್ಲ ಎಂದು ಮಗ ಹೇಳಿದ. ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದೆಂಬುದು ನಿಜ. ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಂಡವನಿಗೆ ಅದೂ ಇಲ್ಲ. ಆದರೆ ಸೀರೆಯ ಮೇಲಿನ ತೆರಿಗೆ ಶೇಕಡಾ 5 ಮಾತ್ರ. ತಿಂಗಳಿಗೆ 12 ಲಕ್ಷದ ವ್ಯಾಪಾರವಾದರೆ 60,000 ತೆರಿಗೆ. ಅದರಲ್ಲಿ ಸಗಟು ವ್ಯಾಪಾರಿಗಳಿಂದ ಕೊಂಡ 8 ಲಕ್ಷದ ಮಾಲಿಗೆ ಈಗಾಗಲೇ ತೆತ್ತ 40,000 ಕಳೆಯಬೇಕು. ಉಳಿಯುವುದು 20,000. ಬಾಡಿಗೆಯ ಮೇಲೆ ತೆತ್ತಿರುವುದು 27,540. ಹೆಚ್ಚಿನ 7,540 ರೂಪಾಯಿ ಪ್ರತಿ ತಿಂಗಳೂ ಪುಸ್ತಕದಲ್ಲಿ ಜಮೆಯಾಗಿ ನಿಲ್ಲುತ್ತದೆ, ಕೈಗೆ ಬರುವುದಿಲ್ಲ. ಸೇವೆಗಳ ಮೇಲೆ ತೆತ್ತ ಇಂಥ ತೆರಿಗೆಯನ್ನು ನಗದಾಗಿ ಮರಳಿ ಕೇಳುವಂತಿಲ್ಲವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದಿದೆ. ಜವಳಿಯವರು ಇದನ್ನು ತಮ್ಮ ಲೆಕ್ಕಪರಿಶೋಧಕರ ಬಳಿ ಕುಳಿತು ನೋಡಲೇಬೇಕು.

ಪ್ರತಿವರ್ಷ ಬಾಡಿಗೆ ಶೇಕಡಾ 5 ಏರುವುದೆಂದು ಬರೆದಿತ್ತು. ಚಿಕ್ಕದೆಂದು ತೋರುತ್ತದೆ, ಒಂಬತ್ತನೆಯ ವರ್ಷಕ್ಕೆ 1,35,000 ಎಂಬುದು ಸುಮಾರು 1,99,450 ಆಗುತ್ತದೆ. ಮೂರು ವರ್ಷಕ್ಕೊಮ್ಮೆ ಶೇಕಡಾ 15 ಎಂದಿದ್ದರೆ ಅದೇ ವರ್ಷದಲ್ಲಿ ಸುಮಾರು 1,78,540. ಚಕ್ರಬಡ್ಡಿಯನ್ನು ಬಲ್ಲ ವ್ಯಾಪಾರಿಗಳ ಮನೆಯಲ್ಲಿಯೇ ಇದನ್ನು ಯಾರೂ ಎಣಿಸಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ತಡೆದು ನಿಲ್ಲಿಸಿದುದು ಕಟ್ಟುಬೀಳುವ ಅವಧಿಯ ಷರತ್ತು. ಲಾಕ್-ಇನ್ ಎನ್ನುತ್ತಾರೆ. ಮೊದಲ ಐದು ವರ್ಷ ಬಾಡಿಗೆದಾರ ಬಿಡುವಂತಿಲ್ಲ. ಬಿಟ್ಟರೆ ಉಳಿದ ಅವಧಿಯ ಬಾಡಿಗೆಯನ್ನು ಕಟ್ಟಬೇಕು. ಮಾಲೀಕರು ಮಾತ್ರ ಯಾವಾಗ ಬೇಕಾದರೂ ಮೂರು ತಿಂಗಳ ನೋಟೀಸಿನಿಂದ ಬಿಡಿಸಬಹುದು. ವ್ಯಾಪಾರ ಕೈಹತ್ತದೆ ಎರಡು ವರ್ಷಕ್ಕೆ ಬಾಗಿಲು ಹಾಕಿದನೆನ್ನಿ. ಉಳಿದ ಮೂರು ವರ್ಷದ ಬರಿಯ ಬಾಡಿಗೆಯೇ 56 ಲಕ್ಷ ಮೀರುತ್ತದೆ. ಅಷ್ಟನ್ನೂ ನ್ಯಾಯಾಲಯ ಕೊಡಿಸಿಯೇ ತೀರುತ್ತದೆಂದಲ್ಲ. 1872ರ ಕರಾರು ಅಧಿನಿಯಮದ 74ನೆಯ ಕಲಮಿನಂತೆ ಯುಕ್ತವಾದ ಪರಿಹಾರವಷ್ಟೇ ಸಲ್ಲುತ್ತದೆ. ಆದರೆ ಹತ್ತು ತಿಂಗಳ ಮುಂಗಡ, ಹದಿಮೂರೂವರೆ ಲಕ್ಷ, ಅವರ ಕೈಯಲ್ಲಿದೆ. ವ್ಯಾಜ್ಯ ಹೂಡಬೇಕಾದವರು ಇವರು.

"ಯಜಮಾನರೇ, ನಿಮ್ಮ ಊರಿನ ಅಂಗಡಿಯ ಮಹಡಿಯನ್ನು ಯಾರಿಗಾದರೂ ಹೀಗೆ ಬರೆದುಕೊಡಿ ಎಂದರೆ ಕೊಡುತ್ತೀರಾ?" ಎಂದು ತಂದೆಯವರನ್ನು ಕೇಳಿದೆವು. ಅವರು ನಕ್ಕು, "ನಾನು ಮಾಲೀಕನಾದರೆ ಕೊಡುತ್ತೇನೆ, ಬಾಡಿಗೆಯವನಾದರೆ ಒಪ್ಪುವುದಿಲ್ಲ" ಎಂದರು. ಪ್ರಾಮಾಣಿಕರು.

ಸುರಕ್ಷತೆಯ ವಿಷಯವನ್ನು ವ್ಯಾಪಾರಿಗಳು ಕೇಳುವುದೇ ಇಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಹೆಸರಾಂತ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಗಳಿಂದ ಹಾರಿದವರೂ ಅವರಲ್ಲಿದ್ದರು. ಆದುದರಿಂದ ಆ ಮಗನಿಗೆ, ಮಳಿಗೆಯನ್ನು ನೋಡಲು ಹೋದಾಗ ಮೊದಲು ತುರ್ತು ಮೆಟ್ಟಿಲನ್ನು ಹುಡುಕಿ ಅದರಲ್ಲಿ ಇಳಿದು ನೋಡು, ಬಾಗಿಲಿಗೆ ಬೀಗವಿದೆಯೇ, ಮೆಟ್ಟಿಲಿನ ಮೇಲೆ ರಟ್ಟಿನ ಪೆಟ್ಟಿಗೆಗಳಿವೆಯೇ ನೋಡು ಎಂದೆವು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯ ಪ್ರತಿ, ಕಟ್ಟಡ ಪೂರ್ಣಗೊಂಡು ಬಳಕೆಗೆ ಯೋಗ್ಯವೆಂದು ಪಾಲಿಕೆ ಕೊಡುವ ಪ್ರಮಾಣಪತ್ರದ ಪ್ರತಿ ಎರಡನ್ನೂ ಕೇಳಬೇಕು. ಆ ಪ್ರಮಾಣಪತ್ರವಿಲ್ಲದ ಅನಧಿಕೃತ ಕಟ್ಟಡಗಳಲ್ಲಿ ವ್ಯಾಪಾರ ಪರವಾನಗಿ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿದೆ. ಕಟ್ಟಡದ ಕೀರ್ತಿಯೇ ಪ್ರಮಾಣಪತ್ರವಾಗುವುದಿಲ್ಲ.

ಕಾಗದಗಳನ್ನು ಬದಿಗಿಟ್ಟು ಕೊನೆಗೆ ಹುಡುಗನಿಗೆ ಒಂದು ಕೆಲಸ ಹೇಳಿದೆವು. "ಮೂರು ದಿನ ಆ ಕಟ್ಟಡದಲ್ಲಿ ಹೋಗಿ ಕುಳಿತುಕೋ ಅಪ್ಪ. ಒಂದು ಮಂಗಳವಾರ, ಒಂದು ಶನಿವಾರ, ಒಂದು ಭಾನುವಾರ. ಯಾರೊಡನೆಯೂ ಮಾತನಾಡಬೇಡ, ಜನ ಎತ್ತ ನಡೆಯುತ್ತಾರೆ ನೋಡು." ಅವನಿಗೆ ನಗು ಬಂದಿರಬೇಕು. ಆದರೂ ಹೋದ. ಬುತ್ತಿ ಕಟ್ಟಿಕೊಂಡು ಹೋಗಿದ್ದನಂತೆ, ಭದ್ರತೆಯವನು ಬಿಡಲಿಲ್ಲವಂತೆ, ಹೊರಗೆ ಕುಳಿತು ಉಂಡು ಒಳಗೆ ಹೋದನಂತೆ.

ಹತ್ತು ದಿನಗಳ ಮೇಲೆ ಬಂದು ಅವನು ಹೇಳಿದುದು ನಮಗೂ ಹೊಸ ವಿಷಯವೇ ಆಗಿತ್ತು. ಮಂಗಳವಾರ ಸಾವಿರಾರು ಜನ ಒಳಗೆ ಬಂದರು. ಬಂದವರು ನೇರವಾಗಿ ಲಿಫ್ಟಿನೊಳಗೆ ಹೋಗಿ ಮೇಲಿನ ಕಚೇರಿಗಳಲ್ಲಿ ಮಾಯವಾದರು. ಸಂಜೆ ಅದೇ ಲಿಫ್ಟಿನಿಂದ ಇಳಿದು ಅದೇ ಬಾಗಿಲಿನಿಂದ ಹೋದರು. ಶನಿವಾರ, ಭಾನುವಾರ ಬಂದ ಸಂಸಾರಗಳು ಚಲಿಸುವ ಮೆಟ್ಟಿಲನ್ನು ಹತ್ತಿ ಊಟದ ಅಂತಸ್ತಿಗೆ ಹೋದವು. ಇವನಿಗೆ ಕೊಡಲಿದ್ದ ಮಳಿಗೆ ಆ ಚಲಿಸುವ ಮೆಟ್ಟಿಲಿನ ಬೆನ್ನಿಗಿತ್ತು. ಏರುವವರಿಗೂ ಕಾಣದು, ಇಳಿಯುವವರಿಗೂ ಕಾಣದು. ಹಿಂದೆ ಅಲ್ಲಿ ಯಾರಿದ್ದರೆಂದು ಪಕ್ಕದ ಕನ್ನಡಕದ ಅಂಗಡಿಯ ಹುಡುಗನನ್ನು ವಿಚಾರಿಸಿದನಂತೆ. ಒಬ್ಬ ಚಪ್ಪಲಿಯವನು, ಅದಕ್ಕೆ ಮೊದಲು ಒಬ್ಬ ಆಟಿಕೆಯವನು. ಇಬ್ಬರೂ ಬೇಗನೆ ಬಿಟ್ಟು ಹೋದವರು.

"ಹಾಗಾದರೆ ಬಿಡುತ್ತೀಯಾ?" ಎಂದೆವು.

"ಇಲ್ಲ ಗುರುಗಳೇ. ರಸ್ತೆಯ ಕಡೆಗೆ ಮುಖವಿರುವ ಸಣ್ಣ ಮಳಿಗೆಯೊಂದು ಖಾಲಿಯಾಗುತ್ತದಂತೆ. ಒಳಗಿನ ನೆಲ ಮುನ್ನೂರು ಅಡಿ. ಬಾಡಿಗೆ ಅಡಿಗೆ ಜಾಸ್ತಿ, ಒಟ್ಟಿನಲ್ಲಿ ಕಡಿಮೆ. ಅದನ್ನು ಕೇಳಿದ್ದೇನೆ" ಎಂದ. ನಮಗಿಂತ ಮುಂದೆ ಹೋಗಿದ್ದ. ಅಷ್ಟು ಸಣ್ಣ ಮಳಿಗೆಗೆ ಗದ್ದೆ ಮಾರಬೇಕಾಗಿಲ್ಲ, ಇರುವ ಠೇವಣಿಯೂ ಒಂದಿಷ್ಟು ಬ್ಯಾಂಕು ಸಾಲವೂ ಸಾಕೆಂದು ತಾಯಿ ಲೆಕ್ಕ ಹಾಕಿದ್ದರು.

ಮಾಲೀಕರ ಕಡೆಯವರೊಡನೆ ಮಾತುಕತೆ ಎರಡು ಸಲ ನಡೆದಿದೆ. ಒಬ್ಬ ತರುಣ ವಕೀಲರನ್ನು ಇವರ ಜೊತೆಗೆ ಕಳುಹಿಸಿಕೊಟ್ಟೆವು. ಕರಾರನ್ನು ನೋಂದಾಯಿಸಲು ಒಪ್ಪಿದ್ದಾರೆ, ಶುಲ್ಕ ಅರ್ಧರ್ಧ. ಮರಗೆಲಸ ನಡೆಯುವ ಎರಡು ತಿಂಗಳು ಬಾಡಿಗೆಯಿಲ್ಲ. ಕಟ್ಟುಬೀಳುವ ಅವಧಿ ಎರಡು ವರ್ಷಕ್ಕಿಳಿದಿದೆ, ಅದು ಇಬ್ಬರಿಗೂ ಅನ್ವಯಿಸುತ್ತದೆ. ಮುಂಗಡವನ್ನು ಮಳಿಗೆಯ ಬೀಗದ ಕೈ ಕೊಟ್ಟ ದಿನವೇ ಹಿಂದಿರುಗಿಸಬೇಕು, ತಡವಾದರೆ ಬಡ್ಡಿ ಎಂಬ ಮಾತಿಗೂ ಹೂಂಗುಟ್ಟಿದ್ದಾರೆ. ವರ್ಷಕ್ಕೆ ಶೇಕಡಾ 5ರ ಏರಿಕೆಯಲ್ಲಿ ಮಾತ್ರ ಕದಲಿಲ್ಲ.

ಮೊನ್ನೆ ತಾಯಿ ದೂರವಾಣಿಯಲ್ಲಿ ಮತ್ತೆ ದಿನ ಕೇಳಿದರು. ಮೂವತ್ತೊಂದನೆಯ ಪುಟ ಏನಾಯಿತೆಂದು ನಾವು ಕೇಳಿದೆವು. ಕಟ್ಟಡವನ್ನು ಕೆಡವಿದರೆ ಹೊಸದರಲ್ಲಿ ಅಷ್ಟೇ ಅಳತೆಯ ಜಾಗವನ್ನು ಮೊದಲು ಇವರಿಗೆ ಕೊಡಬೇಕು, ಇಲ್ಲವೆ ಒಳಗಿನ ಕೆಲಸಕ್ಕೆ ಹಾಕಿದ ಹಣದಲ್ಲಿ ಉಳಿದ ವರ್ಷಗಳ ಪಾಲನ್ನು ಕೊಡಬೇಕು ಎಂದು ವಕೀಲರು ತಿದ್ದಿ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲವಂತೆ. ಗದ್ದೆಯಲ್ಲಿ ಈ ಸಲವೂ ನಾಟಿಯಾಗಿದೆ.